ಅಣ್ಣನ ತೋಳು

ಆಗಸ್ಟ್ 11, ಭಾನುವಾರ

ಅಣ್ಣ ಹೋಗಿ ತಿಂಗಳು ದಾಟಿತು. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಈ ಎರಡು ಮಾತನ್ನು ಒಟ್ಟಿಗೆ ಯಾರೆದುರೂ ಆಡುವಂತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆದದ್ದಿಷ್ಟು. ಜುಲೈ ಮೊದಲ ವಾರ ಇಲ್ಲಿ ತಿರುವನಂತಪುರದಲ್ಲಿ ಅಮ್ಮನ ಎಡಗಣ್ಣಿಗೆ ಆಪರೇಷನ್ ಆಯಿತು. ಬಲಗಣ್ಣು ಸಕ್ಕರೆ ಕಾಯಿಲೆಗೆ ಹೋಗಿ ಎಷ್ಟೋ ವರ್ಷ. ಕಣ್ಣಿನ ಪರದೆ ಅಂಟಿಕೊಳ್ಳುವ ತನಕ ಬೋರಲು ಮಲಗಬೇಕು, ಕೆಮ್ಮಬಾರದು, ಮುಖ್ಯವಾಗಿ ಅಳಬಾರದು ಎಂದು ಡಾಕ್ಟರು ಹೇಳಿದ್ದರು. ಅಮ್ಮ ಹಾಗೆ ಬೋರಲು ಮಲಗಿದ್ದ ವಾರವೇ ಕೊಚ್ಚಿಯಲ್ಲಿ ಅಣ್ಣನಿಗೆ ಜ್ವರ ಬಂತು. ವಲ್ಲಾರ್ಪಾಡಂನಲ್ಲಿ ಕಂಟೇನರ್ ಇಳಿಸುವ ಕಡೆ ಅವನಿಗೆ ಸೂಪರ್‌ವೈಸರ್ ಕೆಲಸ. ಮಳೆನೀರಿನಲ್ಲಿ ಓಡಾಡಿದ್ದನಂತೆ. ಇಲಿಜ್ವರ ಎಂದು ಗೊತ್ತಾಗುವ ಹೊತ್ತಿಗೆ ಕಿಡ್ನಿ ನಿಂತಿತ್ತು. ಎಂಬತ್ತೆಂಟು ಕಿಲೋದ ಆಳು ಒಂದೇ ವಾರದಲ್ಲಿ ಮುಗಿದುಹೋದ.

ಕಣ್ಣು ಅಂಟಲಿ, ಆಮೇಲೆ ಹೇಳೋಣ ಎಂದು ಅತ್ತಿಗೆ, ನಾನು ಮಾತಾಡಿಕೊಂಡೆವು. ಆಫೀಸ್ ಟೂರ್ ಎಂದು ಹೇಳಿ ಹೋಗಿ ಅಣ್ಣನಿಗೆ ಬೆಂಕಿ ಇಟ್ಟು ಬಂದೆ. ನನ್ನ ಬೋಳುತಲೆ ಸವರಿ ಅಮ್ಮ "ಇದೇನೋ?" ಎಂದಾಗ "ನಿನ್ನ ಕಣ್ಣಿಗೋಸ್ಕರ ತಿರುಪತಿ ಹರಕೆ" ಎಂದೆ. ಸಂತೋಷಪಟ್ಟಳು. ಆದರೆ ಕಣ್ಣು ಅಂಟಲಿಲ್ಲ. ಈಗ ಅವಳಿಗೆ ಕಾಣುವುದು ಬೆಳಕು, ನೆರಳು, ಅಷ್ಟೇ. ಇಂಥ ಸ್ಥಿತಿಯಲ್ಲಿ ಹೇಗೆ ಹೇಳುವುದು? ನಾಳೆ, ನಾಳೆ ಎನ್ನುತ್ತಾ ಇಲ್ಲಿಗೆ ಬಂದೆವು.

ಫೋನ್ ಬರದಿದ್ದರೆ ಅನುಮಾನ ಬರುತ್ತದೆಂದು ಅಣ್ಣನ ಸಿಮ್ಮನ್ನು ನಾನೇ ಇಟ್ಟುಕೊಂಡಿದ್ದೇನೆ. ಅಮ್ಮನ ಫೋನು ಕರೆ ಮಾಡಿದವರ ಹೆಸರು ಕೂಗಿ ಹೇಳುತ್ತದೆ. ಟೆರೇಸಿಗೆ ಹೋಗಿ ಕರೆ ಮಾಡುತ್ತೇನೆ. ಫೋನಿನಲ್ಲಿ ನಮ್ಮಿಬ್ಬರ ದನಿ ಮೊದಲಿಂದಲೂ ಒಂದೇ. "ಏನು ಸುಮಿತ್ರಾ ಮೇಡಂ, ಊಟ ಆಯ್ತಾ?" ಎಂದರೆ ಮುಗಿಯಿತು. ತಾಯಿಯನ್ನು ಹೆಸರು ಹಿಡಿದು ಮೇಡಂ ಎನ್ನುವ ಧೈರ್ಯ ನಮ್ಮ ವಂಶದಲ್ಲಿ ಅಣ್ಣನೊಬ್ಬನಿಗೇ ಇದ್ದದ್ದು.

ಇವತ್ತು ಬಾತ್‌ರೂಮಿಗೆ ಕರೆದುಕೊಂಡು ಹೋಗುವಾಗ ಅಮ್ಮ ಎಡವಿದಳು. ನಾನೂ ತೂರಾಡಿದೆ. ಗೋಡೆ ಇತ್ತು, ಉಳಿದೆವು. "ನಿನ್ನ ಕೈ ಹಿಡ್ಕೊಳಕ್ಕೇ ಭಯ ಆಗತ್ತೆ ಕಣೋ ಗಣಪ. ಇಬ್ರೂ ಬಿದ್ರೆ ಯಾರು ಎತ್ತೋರು? ಸುಧನ್ವ ಯಾವಾಗ ಬರ್ತಾನೆ ಕೇಳು. ಅವನ ತೋಳು ಹಿಡ್ಕೊಂಡ್ರೆ ಕಂಬ ಹಿಡ್ಕೊಂಡ ಹಾಗಿರತ್ತೆ" ಎಂದಳು.

ಮೂವತ್ತನಾಲ್ಕು ವರ್ಷದ ಗಂಡಸು ನಾನು, ತೂಕ ಐವತ್ತೆರಡು. ಶಾಲೆಯಲ್ಲಿ ನರಪೇತಲ, ಆಫೀಸಿನಲ್ಲಿ ಕಡ್ಡಿ ಸಾರ್. ಯಾವತ್ತೂ ಬೇಸರವಾಗಿರಲಿಲ್ಲ. ಇವತ್ತು ಆಯಿತು.

ಆಗಸ್ಟ್ 14, ಬುಧವಾರ

ಒಂದು ಯೋಚನೆ ಬಂದಿದೆ. ನನಗೆ ಅಂಥ ತೋಳು ಬಂದರೆ ಒಂದು ಸಲ, ಒಂದೇ ಸಲ, ಅಣ್ಣನಾಗಿ ಬಂದು ಹೋಗುತ್ತೇನೆ. ಮುಟ್ಟಿ ನೋಡಿದರೆ ಅಮ್ಮನಿಗೆ ಸಮಾಧಾನವಾಗುತ್ತದೆ. ಆಮೇಲೆ ನಿಧಾನವಾಗಿ ನಿಜ ಹೇಳಬಹುದು.

ಪಟ್ಟಂ ಜಂಕ್ಷನ್ನಿನ ಹತ್ತಿರ ಬೇಕರಿಯೊಂದರ ಮಹಡಿಯಲ್ಲಿ ಜಿಮ್ ಇದೆ. ನಡೆಸುವವರು ಅಶ್ರಫ್. ಎಲ್ಲರೂ ಇಕ್ಕ ಎನ್ನುತ್ತಾರೆ, ಅಣ್ಣ ಅಂತ. ನನ್ನನ್ನು ಮೇಲಿಂದ ಕೆಳಗೆ ನೋಡಿ "ಕಲ್ಯಾಣಮಾಣೋ?" ಎಂದರು. ಮದುವೆಯಾ ಅಂತ. ಹೌದೆಂದೆ. ಸುಳ್ಳು ಈಗ ನಾಲಿಗೆಗೆ ಒಗ್ಗಿಹೋಗಿದೆ.

ಬೆಂಚಿನ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ರಾಡು ಎತ್ತಬೇಕು. ಬೇರೆಯವರ ರಾಡಿಗೆ ಎರಡೂ ಕಡೆ ತೂಕದ ಬಿಲ್ಲೆಗಳು. ನನಗೆ ಬರೀ ರಾಡು. ಅದೂ ಎದೆಯ ಮೇಲೆ ಬಂದು ಕೂತು ಏಳಲೊಲ್ಲೆ ಎಂದಿತು. ಇಕ್ಕ ಒಂದೇ ಕೈಯಲ್ಲಿ ತೆಗೆದಿಟ್ಟರು. ಅಕ್ಕಪಕ್ಕದ ಹುಡುಗರು ನಗಲಿಲ್ಲ, ನಕ್ಕಿದ್ದರೇ ಚೆನ್ನಾಗಿತ್ತು. "ತಿನ್ನಣಂ, ಉರಙ್ಙಣಂ" ಎಂದರು ಇಕ್ಕ. ತಿನ್ನಬೇಕು, ನಿದ್ದೆ ಮಾಡಬೇಕು.

ತಿನ್ನುವುದೇನೋ ಸರಿ. ನಿದ್ದೆಯನ್ನು ಎಲ್ಲಿಂದ ತರಲಿ?

ಆಗಸ್ಟ್ 16, ಶುಕ್ರವಾರ

ಕೈ ಎತ್ತಲಾಗುವುದಿಲ್ಲ. ಬ್ರಶ್ಶನ್ನು ಗಟ್ಟಿಯಾಗಿ ಹಿಡಿದು ತಲೆಯನ್ನೇ ಅಲ್ಲಾಡಿಸಿ ಹಲ್ಲುಜ್ಜಿದೆ. ಅಮ್ಮನಿಗೆ ಅನ್ನ ಕಲಸಿ ಕೊಡುವುದೂ ಕಷ್ಟವಾಯಿತು. ಆದರೆ ಬಹಳ ದಿನದ ಮೇಲೆ ನೋವು ಎದೆ ಬಿಟ್ಟು ಬೇರೆಲ್ಲೋ ಇದೆ. ಅಷ್ಟರ ಮಟ್ಟಿಗೆ ಸುಖ.

ಸೆಪ್ಟೆಂಬರ್ 6, ಶುಕ್ರವಾರ. ಕೊಚ್ಚಿ

ಅಣ್ಣನ ಮಾಸಿಕಕ್ಕೆ ಬಂದಿದ್ದೇನೆ. ಅವನಿಗೆ ಗಂಡುಮಕ್ಕಳಿಲ್ಲ, ತಿಂಗಳು ತಿಂಗಳು ನಾನೇ ಮಾಡಬೇಕು. ಈ ಸಲದ ತಿಥಿ ಗೌರಿಹಬ್ಬದ ದಿನವೇ ಬಿತ್ತು. ಬೆಳಿಗ್ಗೆಯಿಂದ ಅತ್ತಿಗೆ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ.

ಪಿಂಡ ಇಟ್ಟು, ಕೈ ತೊಳೆದು, ಒದ್ದೆ ಪಂಚೆಯಲ್ಲೇ ನಿಂತಿದ್ದೆ. ಅಣ್ಣನ ಸಿಮ್ ಇದ್ದ ಫೋನು ಹೊಡೆದುಕೊಂಡಿತು. ಅಮ್ಮ. ಎತ್ತಬೇಡಿ ಎಂದು ಅತ್ತಿಗೆ ಕೈಸನ್ನೆ ಮಾಡಿದರು. ಹಬ್ಬದ ದಿನ ಎತ್ತದಿದ್ದರೆ ಹೇಗೆ ಎಂದು ಎತ್ತಿದೆ.

"ಸುಧನ್ವಾ, ಶ್ರೀವಿದ್ಯಾ ಗೌರಿ ಕೂರ್ಸಿದ್ಳೇನೋ?"

"ಓಹೋ, ಜೋರಾಗಿದೆ ಸುಮಿತ್ರಾ ಮೇಡಂ. ಒಬ್ಬಟ್ಟಿನ ವಾಸನೆ ಅಲ್ಲೀವರೆಗೂ ಬಂತಾ?" ಎಂದು ಅಣ್ಣನ ಹಾಗೆಯೇ ನಕ್ಕೆ. ನೆಲದ ಮೇಲೆ ಅವನ ಎಲೆ ಇನ್ನೂ ಹಾಗೇ ಇತ್ತು.

ತಿರುಗಿ ನೋಡಿದರೆ ಬಾಗಿಲಲ್ಲಿ ತನ್ವಿ. ಅಣ್ಣನ ಮಗಳು, ಏಳು ವರ್ಷ. ಶಾಲೆಯ ಮಲಯಾಳದಲ್ಲೇ ಬೆಳೆದವಳು. "ಅಚ್ಛಾ?" ಎಂದಳು, ಅಪ್ಪಾ ಅಂತ. ನನ್ನನ್ನು ಕಂಡು ಮುಖ ಸಣ್ಣದು ಮಾಡಿಕೊಂಡು, ನನ್ನ ಹಿಂದೆ, ಮಂಚದ ಪಕ್ಕ ಎಲ್ಲ ನೋಡಿದಳು. "ಚಿಕ್ಕಪ್ಪಾ, ಅದು ಆರಾ ಸಂಸಾರಿಚ್ಚದು?" ಮಾತಾಡಿದ್ದು ಯಾರು ಎಂದು ಕೇಳುತ್ತಿದ್ದಳು.

ಮಗು ಆಚೆ ಹೋದ ಮೇಲೆ ಅತ್ತಿಗೆ ಕೈಮುಗಿದರು. "ಇನ್ಮೇಲೆ ಈ ಮನೇಲಿ ಅವರ ದನೀಲಿ ಮಾತಾಡ್ಬೇಡಿ ಗಣಪತಿ. ದಿನಾ ಬೆಳಿಗ್ಗೆ ಅವರಿಲ್ಲ ಅಂತ ನನಗೆ ನಾನೇ ಹೇಳ್ಕೊಂಡು ಏಳ್ತೀನಿ. ನೀವು ಒಂದು ಫೋನಲ್ಲಿ ಅದನ್ನ ಕೆಡಿಸ್ತೀರಿ."

ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅಮ್ಮನನ್ನು ದಿನಾ ನೋಡುವವನು ನಾನು.

ಅಕ್ಟೋಬರ್ 1, ಮಂಗಳವಾರ

ರಾಡಿಗೆ ಮೊದಲ ಬಿಲ್ಲೆ ಬಿತ್ತು. ಇಕ್ಕ ಬೆನ್ನು ತಟ್ಟಿದರು. ಮೊಟ್ಟೆ ತಿನ್ನದೆ ಆಗದು ಎನ್ನುತ್ತಿದ್ದಾರೆ. ನಾನು ಮುಟ್ಟಿದವನಲ್ಲ. ಅಣ್ಣ ತಿನ್ನುತ್ತಿದ್ದ, ಆಮ್ಲೆಟ್ಟಿನ ವಾಸನೆ ಹಿಡಿದು ಅಮ್ಮ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಿದ್ದಳು, ನಗುತ್ತಲೇ.

ಬೇಕರಿಯಲ್ಲಿ ನಿಂತು ಎರಡು ಬೇಯಿಸಿದ ಮೊಟ್ಟೆ ತಿಂದೆ. ವಾಂತಿ ಬಂದಂತಾಯಿತು, ಬರಲಿಲ್ಲ.

ಅಕ್ಟೋಬರ್ 13, ಭಾನುವಾರ

ಅತ್ತಿಗೆ ತನ್ವಿಯನ್ನು ಕರೆದುಕೊಂಡು ಅಮ್ಮನನ್ನು ನೋಡಲು ಬಂದಿದ್ದರು. ಬರದಿದ್ದರೆ ಅಮ್ಮ ಬಿಡುತ್ತಿರಲಿಲ್ಲ. ತಂಪಾನೂರ್ ಸ್ಟೇಷನ್ನಿನಲ್ಲಿ ಇಳಿದಾಗ ಬರೀ ಕೈ. ಆಟೋದಲ್ಲಿ ಚೀಲದಿಂದ ಹಸಿರು ಗಾಜಿನ ಬಳೆ ತೆಗೆದು ಒಂದೊಂದಾಗಿ ತೊಟ್ಟುಕೊಂಡರು. ನಾನು ರಸ್ತೆ ನೋಡುತ್ತಿದ್ದೆ. ತನ್ವಿಗೆ ಏನು ಹೇಳಿಕೊಟ್ಟಿದ್ದರೋ, ಅಜ್ಜಿ ಏನು ಕೇಳಿದರೂ ಬಾಯಿ ಬಿಡಲಿಲ್ಲ.

ಅಮ್ಮ ಸೊಸೆಯ ಕೈ ಹಿಡಿದು ಬಳೆಗಳನ್ನು ಸವರಿದಳು. "ಯಾಕೇ ಗಂಟ್ಲು ಕಟ್ಟಿದೆ?" ಎಂದಳು. ನೆಗಡಿ ಎಂದರು ಅತ್ತಿಗೆ.

ಹೊರಡುವಾಗ ನನ್ನನ್ನು ನೋಡಿ, "ಮೈ ಬರ್ತಿದೆ ನಿಮಗೆ. ಒಳ್ಳೇದು. ಅತ್ತೆಗೆ ಯಾವಾಗ ಹೇಳ್ತೀರಿ?" ಎಂದರು. ಯೋಜನೆಯನ್ನು ಹೇಳಿದೆ. ಒಂದೇ ಸಲ ಎಂದೆ. ಅತ್ತಿಗೆ ಬಳೆ ಕಳಚಿ ಚೀಲಕ್ಕೆ ಹಾಕಿಕೊಂಡರು.

ನವೆಂಬರ್ 17, ಭಾನುವಾರ

ಒಂದು ಹೊಸ ತೊಡಕು. ಅಮ್ಮ ನನ್ನ ತೋಳು ಹಿಡಿದರೆ ಗುಟ್ಟು ಬಯಲಾಗುತ್ತದೆ. ಗಣಪನಿಗೆ ಇಂಥ ತೋಳು ಎಲ್ಲಿಂದ ಬಂತು ಎನ್ನುತ್ತಾಳೆ. ಆದ್ದರಿಂದ ಬೆರಳು ಮಾತ್ರ ಕೊಟ್ಟು ನಡೆಸುತ್ತೇನೆ. ಹಗಲಿನ ಹೊತ್ತು ನೋಡಿಕೊಳ್ಳುವ ಪ್ರೇಮ ಚೇಚಿಗೆ ಹೆಚ್ಚಿನ ಕೆಲಸ ಒಪ್ಪಿಸಿದ್ದೇನೆ. "ಯಾಕೋ ದೂರ ದೂರ ಇರ್ತೀಯ? ಅವತ್ತು ಅಂದಿದ್ದಕ್ಕೆ ಬೇಜಾರಾ?" ಎಂದಳು ಅಮ್ಮ. ಆಫೀಸಿನ ಕೆಲಸ ಎಂದೆ.

ಅಣ್ಣನ ಹಾಗೆ ಮೀಸೆ ಬಿಟ್ಟಿದ್ದೇನೆ. ಜಿಮ್ಮಿನ ಕನ್ನಡಿಯಲ್ಲಿ ಪಕ್ಕದಿಂದ ನೋಡಿಕೊಂಡಾಗ ಕೈಯಲ್ಲಿದ್ದ ಡಂಬೆಲ್ ಕೆಳಗಿಟ್ಟುಬಿಟ್ಟೆ. ಸ್ವಲ್ಪ ಹೊತ್ತು ಮತ್ತೆ ಎತ್ತುವ ಧೈರ್ಯವಾಗಲಿಲ್ಲ.

ಡಿಸೆಂಬರ್ 22, ಭಾನುವಾರ

ಇವತ್ತು ಅಣ್ಣನಾಗಿ ಮನೆಗೆ ಬಂದೆ.

ಬೆಳಿಗ್ಗೆ ಚೆನ್ನೈಗೆ ಟೂರ್ ಎಂದು ಹೇಳಿ ಹೊರಟು, ತಂಪಾನೂರಿನ ಲಾಡ್ಜೊಂದರಲ್ಲಿ ರೂಮು ಹಿಡಿದು ಅಣ್ಣನ ಚೆಕ್ಸ್ ಶರ್ಟು ಹಾಕಿಕೊಂಡೆ. ಕೊಚ್ಚಿಯಿಂದ ತಂದಾಗಿನಿಂದ ಒಗೆದಿಲ್ಲ. ಕಾಲರಿನಲ್ಲಿ ಅವನ ಬೆವರು, ಅವನ ಸೆಂಟು ಎರಡೂ ಇವೆ. ಬಸ್ ಸ್ಟ್ಯಾಂಡಿನಲ್ಲಿ ಕೂತು ಮೈಗೆ ಡೀಸೆಲ್ ವಾಸನೆ ಹತ್ತಿಸಿಕೊಂಡೆ. ಪ್ರೇಮ ಚೇಚಿಗೆ ಮೊದಲೇ ಹೇಳಿಟ್ಟಿದ್ದೆ, ನನ್ನನ್ನು ಬರೀ ಸಾರ್ ಎನ್ನಬೇಕು ಎಂದು. ದೇವರು ಕ್ಷಮಿಸಲಿ ಎಂದು ಶಿಲುಬೆ ಗುರುತು ಮಾಡಿಕೊಂಡು ಒಪ್ಪಿದ್ದರು.

ಧಡಧಡ ಮೆಟ್ಟಿಲು ಹತ್ತಿ "ಸುಮಿತ್ರಾ ಮೇಡಂ!" ಎಂದೆ. ಅಮ್ಮ ಎದ್ದು ಎರಡೂ ಕೈ ಚಾಚಿಕೊಂಡು ಬಂದಳು. ಮುಖ, ಮೀಸೆ, ಭುಜ, ತೋಳು. ತೋಳಿನ ಮೇಲೆ ಕೈ ನಿಂತಿತು.

"ಇಳಿದುಹೋಗಿದ್ದೀಯಲ್ಲೋ ಸುಧನ್ವಾ. ಶ್ರೀವಿದ್ಯಾ ಸರಿಯಾಗಿ ಹಾಕ್ತಿಲ್ವಾ?"

ನಂಬಿದಳು. ಅಮ್ಮ ನಂಬಿದಳು! ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡಳು. ನನ್ನ ತೋಳು ಹಿಡಿದು ಕೆಳಗಿನ ಅಂಗಡಿಯವರೆಗೆ ನಡೆದಳು. ಆಪರೇಷನ್ ಆದಮೇಲೆ ಇದೇ ಮೊದಲು.

ದಾರಿಯಲ್ಲಿ, "ಗಣಪ ಪಾಪ ತುಂಬಾ ಮಾಡ್ತಾನೆ ಕಣೋ. ಅವನಿಲ್ದಿದ್ರೆ ನಾನಿಷ್ಟು ದಿನ ಇರ್ತಾನೇ ಇರ್ಲಿಲ್ಲ. ಅವನಿಗೆ ಹೇಳ್ಬೇಡ, ತಲೆ ಮೇಲೆ ಕೂತ್ಕೋತಾನೆ" ಎಂದಳು. ಇದ್ದಕ್ಕಿದ್ದಂತೆ ಅವನ ಸುದ್ದಿ ಯಾಕೆ ಎತ್ತಿದಳೋ.

ಇಳಿದಿದ್ದೀಯ ಎಂದಳಲ್ಲ, ಅದೊಂದು ಮನಸ್ಸಿನಲ್ಲಿ ಕೊರೆಯುತ್ತಿದೆ. ಇನ್ನೂ ಎತ್ತಬೇಕು, ಇನ್ನೂ ತಿನ್ನಬೇಕು.

ಜನವರಿ 12, ಭಾನುವಾರ

ಎರಡನೇ ಸಲ. ಈ ಸಲ ಇಳಿದಿದ್ದೀಯ ಎನ್ನಲಿಲ್ಲ. "ಇದು ನನ್ನ ಮಗನ ತೋಳು" ಎಂದಳು. ಆ ಸಂತೋಷಕ್ಕೆ ಅತ್ತುಬಿಟ್ಟೆ, ಕೆಮ್ಮಿ ಮುಚ್ಚಿಕೊಂಡೆ.

ಸಂಜೆ ಹೊರಟಾಗ ಬಿಡಲೇ ಇಲ್ಲ. ಮಗುವಿನ ಹಾಗೆ ಶರ್ಟಿನ ತುದಿ ಹಿಡಿದುಕೊಂಡಳು. ಅವಳನ್ನು ಹಾಗೆ ಬಿಟ್ಟು ಹೋಗಿ, ಮಾರನೇ ದಿನ ಗಣಪನಾಗಿ ಬಂದು ಬೆರಳು ಕೊಡುವುದೆಂದರೆ ಏನರ್ಥ?

ಜನವರಿ 19, ಭಾನುವಾರ

ಏರ್ಪಾಡು ಮಾಡಿದ್ದೇನೆ. ಸುಧನ್ವನಿಗೆ ವಿಳಿಂಜಂನ ಹೊಸ ಬಂದರಿಗೆ ವರ್ಗವಾಗಿದೆ, ಇನ್ನು ಅಮ್ಮನ ಜೊತೆಯಲ್ಲೇ ಇರುತ್ತಾನೆ. ಗಣಪತಿಯನ್ನು ಆಫೀಸಿನವರು ಲಕ್ಷದ್ವೀಪದ ಕವರತ್ತಿಗೆ ಹಾಕಿದ್ದಾರೆ. ಅಲ್ಲಿ ಫೋನು ಸರಿಯಾಗಿ ಸಿಗುವುದಿಲ್ಲ. ಹೊರಡುವ ಮುನ್ನ ಗಣಪನಾಗಿ ಅಮ್ಮನ ಕಾಲಿಗೆ ನಮಸ್ಕಾರ ಮಾಡಿದೆ. ತಲೆ ಮೇಲೆ ಕೈಯಿಟ್ಟು, "ಅಲ್ಲಿ ಊಟಕ್ಕೇನು ಮಾಡ್ತೀಯೋ? ಮೊದ್ಲೇ ಕಡ್ಡಿ" ಎಂದಳು. ಬೇಗ ಎದ್ದುಬಿಟ್ಟೆ.

ಮೂರು ಗಂಟೆಯ ಮೇಲೆ ಸುಧನ್ವನಾಗಿ ಪೆಟ್ಟಿಗೆ ಸಮೇತ ಮೆಟ್ಟಿಲು ಹತ್ತಿದೆ.

ಜನವರಿ 30, ಗುರುವಾರ

ಮನೆಯಲ್ಲಿ ನಗು ಇದೆ. ಅಮ್ಮ ತೋಳು ಹಿಡಿದು ದಿನಾ ಎರಡು ಬೀದಿ ನಡೆಯುತ್ತಾಳೆ. ಸಕ್ಕರೆ ಹತೋಟಿಗೆ ಬಂದಿದೆ. ಆಮ್ಲೆಟ್ ತಿಂದು ಬಂದರೆ ಬಾಗಿಲಲ್ಲೇ ಬೈಗುಳ. ಇಕ್ಕನ ಜಿಮ್ಮಿನಲ್ಲಿ ಹೊಸ ಹುಡುಗರು ನನ್ನನ್ನು ಚೇಟ್ಟಾ, ಅಂದರೆ ಅಣ್ಣಾ, ಎನ್ನುತ್ತಾರೆ, ರಾಡು ಎತ್ತುವುದು ಹೇಗೆಂದು ಕೇಳುತ್ತಾರೆ.

ಗಣಪನ ಶರ್ಟುಗಳೆಲ್ಲ ಬಿಗಿ. ಸುಮ್ಮನೆ ಬೀರುವಿನಲ್ಲಿ ಜಾಗ ತಿನ್ನುತ್ತಿದ್ದವು. ಗಂಟು ಕಟ್ಟಿ ಪ್ರೇಮ ಚೇಚಿಗೆ ಕೊಟ್ಟೆ, ಅವರ ತಮ್ಮನಿಗಾಗುತ್ತದೆ.

ಫೆಬ್ರವರಿ 9, ಭಾನುವಾರ

ಶ್ರೀವಿದ್ಯಾ ಫೋನ್ ಮಾಡಿದ್ದಳು. ಮಾಸಿಕಕ್ಕೆ ಯಾಕೆ ಬರಲಿಲ್ಲ, ಪುರೋಹಿತರು ಕಾದು ಕಾದು ಎದ್ದುಹೋದರು ಎಂದಳು. ಯಾರ ಮಾಸಿಕ ಎಂದು ಒಂದು ಕ್ಷಣ ಹೊಳೆಯಲಿಲ್ಲ.

ಮರೆತೆ ಎಂದೆ. "ಮರೆತ್ರಾ?" ಎಂದಳು. "ಗಣಪತಿ, ಕೇಳಿಸ್ತಿದೆಯಾ? ಗಣಪತಿ?" ಎಂದು ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಎಲ್ಲದಕ್ಕೂ ರೇಗುವುದು ಇತ್ತೀಚೆಗೆ ಅವಳಿಗೆ ಅಭ್ಯಾಸವಾಗಿದೆ. ಇಟ್ಟುಬಿಟ್ಟೆ.

ಫೆಬ್ರವರಿ 23, ಭಾನುವಾರ

ಅಮ್ಮ ದಿನಾ ಒಂದೇ ರಾಗ. ಗಣಪ ಫೋನ್ ಮಾಡಿದ್ನಾ, ಗಣಪ ಊಟ ಮಾಡಿದ್ನಾ. ಅವನ ದನಿಯಲ್ಲಿ ಒಂದು ಸಲ ಮಾಡಿಬಿಡೋಣ ಎಂದು ಟೆರೇಸಿಗೆ ಹೋಗಿ ಫೋನು ಹಿಡಿದು ನಿಂತೆ. ಅವನು ಅಮ್ಮನ ಹತ್ತಿರ ಹೇಗೆ ಮಾತು ಶುರುಮಾಡುತ್ತಿದ್ದ? ನೆನಪಾಗಲಿಲ್ಲ. ಬಟ್ಟೆ ಒಣಗಿತ್ತು, ತೆಗೆದುಕೊಂಡು ಕೆಳಗಿಳಿದೆ.

"ಅವನು ಹಡಗಲ್ಲಿ ಹೋದ್ನಾ, ವಿಮಾನದಲ್ಲಾ?" ಎಂದಳು ಊಟಕ್ಕೆ ಕೂತಾಗ.

"ಹಡಗು" ಎಂದೆ.

"ಈಜು ಬರಲ್ಲ ಅವನಿಗೆ" ಎಂದಳು.

ಮಾರ್ಚ್ 9, ಭಾನುವಾರ

ಪ್ರೇಮ ಚೇಚಿ ಮಾತಿನ ಭರದಲ್ಲಿ ಶರ್ಟಿನ ವಿಷಯ ಹೇಳಿಬಿಟ್ಟಿದ್ದಾರೆ. ಸಂಜೆ ಅಮ್ಮ, "ಗಣಪನ ಬಟ್ಟೆ ಎಲ್ಲಾ ಕೊಟ್ಬಿಟ್ಯಾ?" ಎಂದಳು.

"ಹೂಂ. ಇಟ್ಕೊಂಡು ಏನ್ಮಾಡೋದು?"

"ಎಲ್ಲಾನೂ?"

"ಎಲ್ಲಾನೂ."

ಅಮ್ಮ ತಟ್ಟೆಯ ಮುಂದಿನಿಂದ ಎದ್ದಳು. ಹಸಿವಿಲ್ಲವಂತೆ. ಸೆಕೆ ಬೇರೆ ಶುರುವಾಗಿದೆ.

ಮಾರ್ಚ್ 20, ಗುರುವಾರ

ಅಮ್ಮ ಈಗ ಗಣಪನ ಸುದ್ದಿ ಎತ್ತುವುದಿಲ್ಲ. ಹತ್ತು ದಿನವಾಯಿತು, ಒಮ್ಮೆಯೂ ಕೇಳಿಲ್ಲ. ಕೊನೆಗೂ ನೆಮ್ಮದಿ.

ನಡೆಯಲು ಬರುವುದಿಲ್ಲ ಎನ್ನುತ್ತಾಳೆ. ಕಿಟಕಿಯ ಪಕ್ಕ ಕೂತಿರುತ್ತಾಳೆ. ತೋಳು ಕೊಟ್ಟರೆ ಹಿಡಿಯುತ್ತಾಳೆ, ಬಿಗಿ ಇಲ್ಲ. ಇವತ್ತು ರಾಡಿಗೆ ನಾಲ್ಕನೇ ಜೋಡಿ ಬಿಲ್ಲೆ ಹಾಕಿದೆ. ಇಕ್ಕ ಚಪ್ಪಾಳೆ ಹೊಡೆದು, "ಇನಿ ಕಲ್ಯಾಣಂ ಕಳಿಕ್ಕಾಂ" ಎಂದರು. ಇನ್ನು ಮದುವೆಯಾಗಬಹುದಂತೆ. ಯಾವ ಮದುವೆ ಎಂದು ಕೇಳಿದೆ. ಅವರು ನನ್ನನ್ನೇ ನೋಡಿದರು.

ಮಾರ್ಚ್ 29, ಶನಿವಾರ

ನಿನ್ನೆ ಅಮ್ಮ, "ನಾಳೆ ಅಮಾವಾಸ್ಯೆ. ಬೆಳಿಗ್ಗೆ ಸಮುದ್ರಕ್ಕೆ ಕರ್ಕೊಂಡ್ ಹೋಗು" ಎಂದಿದ್ದಳು. ಬಹಳ ದಿನದ ಮೇಲೆ ಏನೋ ಬೇಕೆಂದಳಲ್ಲ ಎಂದು ಖುಷಿಯಾಯಿತು. ಆಟೋದಲ್ಲಿ ಶಂಖುಮುಖಂಗೆ ಹೋದೆವು. ದಡದಲ್ಲಿ ಅಲ್ಲಲ್ಲಿ ಜನ ಪಿತೃಗಳಿಗೆ ಬಲಿ ಹಾಕುತ್ತಿದ್ದರು. ಅಮ್ಮ ಚಪ್ಪಲಿ ಬಿಟ್ಟು, ನನ್ನ ತೋಳು ಹಿಡಿದು, ನೀರು ಪಾದಕ್ಕೆ ಬರುವವರೆಗೆ ನಡೆದಳು. ಸೊಂಟದಿಂದ ಒಂದು ಪೊಟ್ಟಣ ತೆಗೆದಳು. ಕರಿಎಳ್ಳು. ಪ್ರೇಮ ಚೇಚಿಯಿಂದ ತರಿಸಿಕೊಂಡಿದ್ದಾಳೆ.

"ಸುಧನ್ವಾ, ನಾನು ಅಳಲ್ಲ. ಅಳಬಾರ್ದು ಅಂತ ಡಾಕ್ಟ್ರು ಹೇಳಿದ್ದು ನನಗೂ ಗೊತ್ತು. ಗಣಪ ಹೋಗ್ಬಿಟ್ಟ, ಅಲ್ವಾ?"

"ಏನಮ್ಮಾ ಹಾಗಂದ್ರೆ?"

"ಸಮುದ್ರದಲ್ಲಿ ಏನೋ ಆಗಿದೆ. ನೀವೆಲ್ಲ ಸೇರ್ಕೊಂಡು ಮುಚ್ಚಿಡ್ತಿದ್ದೀರಿ. ಒಂದು ಫೋನಿಲ್ಲ. ನೀನು ಹೆಂಡ್ತಿ ಮಗೂನ ಬಿಟ್ಟು ಬಂದು ನನ್ನ ಕಾಯ್ತಾ ಕೂತಿದ್ದೀಯ. ಅವನ ಬಟ್ಟೆ ಎಲ್ಲಾ ಎತ್ತಿ ಕೊಟ್ಟೆ. ಇದ್ದೋರ ಬಟ್ಟೆ ಯಾರಾದ್ರೂ ಹಾಗೆ ಕೊಡ್ತಾರೇನೋ? ಕಣ್ಣಿಲ್ಲ ಅಂದ್ರೆ ಅಷ್ಟೂ ತಿಳಿಯಲ್ವಾ ನನಗೆ?"

ನನಗೆ ಮಾತು ಹೊರಡಲಿಲ್ಲ. ಅವಳಿಗೆ ಅದೇ ಉತ್ತರವಾಯಿತು.

"ನಿನ್ನ ಕೈ ಹಿಡ್ಕೊಳಕ್ಕೆ ಭಯ ಆಗತ್ತೆ ಅಂದಿದ್ದೆ ಅವನಿಗೆ. ಆಮೇಲಿಂದ ಅವನು ಹತ್ರಾನೇ ಬರ್ಲಿಲ್ಲ. ಅದೇ ಕೊರಗಲ್ಲಿ ದೂರ ಹೋದ, ನನಗೊತ್ತು." ಎಳ್ಳನ್ನು ನನ್ನ ಅಂಗೈಗೆ ಸುರಿದಳು. "ಅವನಿಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಅಣ್ಣ ನೀನೇ ಬಿಡ್ಬೇಕು. ಗೋತ್ರ, ಹೆಸ್ರು ಹೇಳಿ ಮೂರು ಸಲ ಬಿಡು. ಜೋರಾಗಿ ಹೇಳು, ನನಗೂ ಕೇಳ್ಲಿ."

ನಿಜ ಬರೆಯುತ್ತೇನೆ. ಗಣಪನ ಹೆಸರಿಗೇ ಬಿಟ್ಟುಬಿಡೋಣ ಎನ್ನಿಸಿತು. ಗಣಪ ಹೋದರೆ ಯಾರಿಗೇನು? ಅಮ್ಮನಿಗೆ ಸುಧನ್ವ ಇರುತ್ತಾನೆ. ಬಗ್ಗಿ ಬೊಗಸೆಗೆ ನೀರು ತುಂಬಿಕೊಂಡೆ. ಗೋತ್ರ ಹೇಳಿದೆ. ಹೆಸರು ಬಾಯಿಗೆ ಬರುವ ಮುಂಚೆ ಅಮ್ಮನ ಮುಖ ನೋಡಿದೆ. ತುಟಿ ಕಚ್ಚಿಕೊಂಡಿದ್ದಳು. ಅಳುವುದಿಲ್ಲ ಎಂದವಳ ಎರಡೂ ಕಣ್ಣಿಂದ ನೀರು ಸುರಿಯುತ್ತಿತ್ತು, ನನಗೋಸ್ಕರ. ಎಷ್ಟೋ ದಿನದಿಂದ, ಊಟ ಬಿಟ್ಟಾಗಿನಿಂದ, ಅವಳು ಒಬ್ಬಳೇ ಕೂತು ನನಗಾಗಿ ಅಳುತ್ತಿದ್ದಳು. ನಾನು ಅದಕ್ಕೆ ನೆಮ್ಮದಿ ಎಂದು ಹೆಸರಿಟ್ಟಿದ್ದೆ.

"ಸುಧನ್ವ" ಎಂದೆ. ನೀರು ಬಿಟ್ಟೆ. ಮತ್ತೆ ತುಂಬಿಕೊಂಡು "ಸುಧನ್ವ" ಎಂದೆ. ಮೂರನೇ ಸಲ ಹೇಳುವಾಗ ದನಿ ಒಡೆಯಿತು. ಹಾಗೆ ಒಡೆದದ್ದು ನನ್ನ ದನಿ.

"ಹೆಸ್ರು ತಪ್ಪಿತಲ್ಲೋ" ಎಂದಳು ಅಮ್ಮ.

"ತಪ್ಪಿಲ್ಲಮ್ಮ."

ಅಲೆ ಬಂದು ಹೋಯಿತು. ಅಮ್ಮ ತೋಳಿಗೆ ಕೈ ಹಾಕಿದಳು, ಇಷ್ಟು ದಿನ ಹಿಡಿಯುತ್ತಿದ್ದ ಜಾಗಕ್ಕೆ. ಅಲ್ಲಿ ನಿಲ್ಲದೆ ಕೆಳಗಿಳಿದು, ಮೊಣಕೈ ದಾಟಿ, ಮಣಿಕಟ್ಟನ್ನು ಹೆಬ್ಬೆರಳು ನಡುಬೆರಳಿನಿಂದ ಸುತ್ತಿ ಹಿಡಿದಳು. ಎರಡು ಬೆರಳೂ ಸುಲಭವಾಗಿ ಕೂಡಿದವು. ಎಷ್ಟು ರಾಡು ಎತ್ತಿದರೂ ಅಲ್ಲಿ ಬರೀ ಮೂಳೆಯೇ.

"ಗಣಪಾ?"

"ಹೂಂ ಅಮ್ಮ."

"ಹಾಗಾದ್ರೆ..."

"ಹೂಂ."

"ಯಾವಾಗ?"

"ನೀನು ಬೋರಲು ಮಲಗಿದ್ಯಲ್ಲ, ಆಗ. ಜ್ವರ ಬಂತು."

ಅಮ್ಮ ಒದ್ದೆ ಮರಳಿನ ಮೇಲೆ ಕೂತುಬಿಟ್ಟಳು. ಆಮೇಲೆ ಅವಳು ಅತ್ತದ್ದನ್ನು ಬರೆಯಲಾರೆ. ಪಕ್ಕದಲ್ಲಿ ಬಲಿ ಹಾಕುತ್ತಿದ್ದವರು ನಿಲ್ಲಿಸಿ ನೋಡಿದರು. ಅಳಬೇಡ ಎಂದು ನಾನು ಹೇಳಲಿಲ್ಲ. ಅವಳ ಪಕ್ಕ ಕೂತು ನಾನೂ ಅತ್ತೆ. ಅಣ್ಣ ಸತ್ತ ಮೇಲೆ ಅಣ್ಣನಿಗಾಗಿ ಅತ್ತದ್ದು ಇದೇ ಮೊದಲು.

ಆಟೋದಲ್ಲಿ "ಶ್ರೀವಿದ್ಯಾಗೆ ಫೋನ್ ಮಾಡ್ಕೊಡು" ಎಂದಳು. ಅತ್ತಿಗೆ ಎತ್ತಿದರು. "ಒಬ್ಳೇ ಹೇಗೆ ತಡ್ಕೊಂಡ್ಯೇ" ಎಂದಳು ಅಮ್ಮ, ಅಷ್ಟೇ. ಅತ್ತಿಗೆ ಗೊಳೋ ಎಂದದ್ದು ನನಗೂ ಆಟೋದವನಿಗೂ ಕೇಳಿಸಿತು. ನಾಳೆ ಯುಗಾದಿ. ಹಬ್ಬವಿಲ್ಲ. ತನ್ವಿಯನ್ನು ಕರೆದುಕೊಂಡು ಬೆಳಗಿನ ಗಾಡಿಗೇ ಹೊರಡುತ್ತಾರಂತೆ.

ಮಧ್ಯಾಹ್ನ

ಅಮ್ಮ ಎರಡು ತುತ್ತು ತಿಂದು ಮಲಗಿದಳು. ನನ್ನ ಬಲಗೈ ಮಣಿಕಟ್ಟನ್ನು ಬಿಟ್ಟಿಲ್ಲ, ನಿದ್ದೆಯಲ್ಲೂ ಬಿಗಿಯಾಗಿದೆ. ಇಷ್ಟನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ.